ಮುತ್ತಜ್ಜ ವಕೀಲನಾಗಿದ್ದನಂತೆ: ಅಮೆರಿಕದ ಹಳೇ ಕೋರ್ಟು ಕಡತಗಳ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ, ಅಲ್ಲಿನವರೊಡನೆ ನೆಂಟಸ್ತನ ಬೆಳೆಸಿದ ಮನೆಗಳಿಂದ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಬೀಗರ ಕಡೆಯ ಹಿರಿಯರೊಬ್ಬರು ಯಾವುದೋ ದೇಶದಿಂದ ಹೋಗಿ, ಸಣ್ಣ ಊರಲ್ಲಿ ವಕೀಲಿ ಮಾಡಿದ್ದರಂತೆ. ಅದನ್ನು ಪತ್ತೆ ಮಾಡುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಪತ್ರಗಳನ್ನು ಚಿಕ್ಕದು ಮಾಡಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಸೊಸೆ ಮಿನೆಸೋಟದವಳು. ಅವಳ ಮುತ್ತಜ್ಜನ ತಂದೆ ನಾಲ್ಕು ವರ್ಷದ ಮಗುವಾಗಿದ್ದಾಗ ನಾರ್ವೆಯಿಂದ ಬಂದು, 1870ರ ದಶಕದಲ್ಲಿ ವಕೀಲನಾದನಂತೆ. ಯಾವ ಲಾ ಕಾಲೇಜಿನ ಪಟ್ಟಿಯಲ್ಲೂ ಹೆಸರಿಲ್ಲ. ಮನೆಯವರು ಹೇಳುವುದು ಬರೀ ಜಂಬವೇ?

ಉತ್ತರ: ಜಂಬ ಎಂದು ಈಗಲೇ ತೀರ್ಮಾನಿಸಬೇಡಿ. ಆ ಕಾಲದ ವಕೀಲರಲ್ಲಿ ಬಹುಪಾಲು ಮಂದಿ ಲಾ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಯಾರಾದರೂ ಹಿರಿಯ ವಕೀಲರ ಕಚೇರಿ ಸೇರಿಕೊಂಡು ಎರಡು ಮೂರು ವರ್ಷ ಕಾನೂನು ಓದುವುದೇ ವಾಡಿಕೆ. ಅದಕ್ಕೆ ‘ರೀಡಿಂಗ್ ಲಾ’ ಎಂದು ಹೆಸರು. ಕಚೇರಿಯ ಚಿಲ್ಲರೆ ಕೆಲಸ ಮಾಡಿಕೊಂಡು, ಅರ್ಜಿಗಳನ್ನೂ ಕ್ರಯಪತ್ರಗಳನ್ನೂ ಕೈಬರಹದಲ್ಲಿ ನಕಲು ಮಾಡಿಕೊಂಡು, ಬಿಡುವಾದಾಗ ಇಂಗ್ಲೆಂಡಿನ ಕಾನೂನಿನ ಮೇಲೆ ಬ್ಲ್ಯಾಕ್‌ಸ್ಟೋನ್ ಬರೆದ ಭಾಷ್ಯದ ನಾಲ್ಕು ಭಾಗ ತಿರುವಿಹಾಕಬೇಕು. ಅದಾದ ಮೇಲೆ ವಾದಪತ್ರ ಬರೆಯಲು ಚಿಟ್ಟಿ ಎಂಬವರ ಪುಸ್ತಕ, ಸಾಕ್ಷ್ಯಕ್ಕೆ ಗ್ರೀನ್‌ಲೀಫ್ ಅವರದು. ನಕಲು ಮಾಡುವ ಕೆಲಸವೇ ಅರ್ಧ ಪಾಠ. ನೂರು ಅಡಮಾನಪತ್ರ ಬರೆದವನಿಗೆ ನೂರೊಂದನೆಯದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ನಾರ್ವೆಯ ವೊಸ್ಸಿನಲ್ಲಿ ಹುಟ್ಟಿ, 1849ರಲ್ಲಿ ಅಮೆರಿಕ ಸೇರಿದ ನೂಟ್ ನೆಲ್ಸನ್ ನಿಮ್ಮ ಹುಡುಕಾಟಕ್ಕೆ ಒಳ್ಳೆಯ ಮಾದರಿ. ಮ್ಯಾಡಿಸನ್ನಿನಲ್ಲಿ ವಿಲಿಯಂ ವೈಲಸ್ ಅವರ ಕಚೇರಿಯಲ್ಲಿ ಓದಿ, 1867ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸನ್ನದು ಪಡೆದರು. 1871ರಲ್ಲಿ ಮಿನೆಸೋಟದ ಅಲೆಗ್ಸಾಂಡ್ರಿಯಾಕ್ಕೆ ಹೋಗಿ ಅಲ್ಲಿ ವಕೀಲಿ ನಡೆಸಿದರು. ಮುಂದೆ ಗವರ್ನರ್, ಸೆನೆಟರ್ ಆದದ್ದು ಬೇರೆ ಮಾತು. ನೀವು ಗಮನಿಸಬೇಕಾದದ್ದು ಇಷ್ಟೇ: ಓದಿದ್ದು ಒಂದು ರಾಜ್ಯದಲ್ಲಿ, ಹೆಸರು ಮಾಡಿದ್ದು ಇನ್ನೊಂದರಲ್ಲಿ. ಅಲೆಗ್ಸಾಂಡ್ರಿಯಾದ ಕೋರ್ಟಿನಲ್ಲಿ ಅವರ ಮೊದಲ ಸನ್ನದು ಹುಡುಕಿದರೆ ಸಿಗುತ್ತದೆಯೇ? ಹುಡುಕುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಪರೀಕ್ಷೆ ನಡೆಯುತ್ತಿದ್ದ ರೀತಿ ಸರಳ. ಕೋರ್ಟಿನ ಅಧಿವೇಶನಕ್ಕೆ ನ್ಯಾಯಾಧೀಶ ಊರಿಗೆ ಬಂದಾಗ ಅಭ್ಯರ್ಥಿಯ ಪರವಾಗಿ ವಕೀಲರೊಬ್ಬರು ಎದ್ದು ಕೋರಿಕೆ ಸಲ್ಲಿಸುವರು. ನ್ಯಾಯಾಧೀಶ ಎರಡು ಮೂರು ವಕೀಲರ ಸಮಿತಿ ನೇಮಿಸುವನು. ಅವರು ಬಾಯಿಮಾತಿನಲ್ಲೇ ಪ್ರಶ್ನೆ ಕೇಳಿ, ಸರಿ ಎಂದರೆ ಪ್ರಮಾಣವಚನ. ಕೊನೆಗೆ ವಕೀಲರ ಪಟ್ಟಿಗೆ ರುಜು. ಇಡೀ ವ್ಯವಹಾರ ಕೋರ್ಟಿನ ಮಿನಿಟ್ ಬುಕ್ಕಿನಲ್ಲಿ, ಅಂದರೆ ನಡಾವಳಿ ಪುಸ್ತಕದಲ್ಲಿ, ನಾಲ್ಕೈದು ಸಾಲು ಹಿಡಿಯುತ್ತದೆ. ನಿಮಗೆ ಬೇಕಾದ ಸನ್ನದು ಆ ನಾಲ್ಕೈದು ಸಾಲೇ. ಗೋಡೆಗೆ ತೂಗುಹಾಕಿದ ಚೌಕಟ್ಟಿನ ಪತ್ರ ಎಲ್ಲರ ಮನೆಯಲ್ಲೂ ಉಳಿದಿರುವುದಿಲ್ಲ.

ಹುಡುಕುವುದು ಹೀಗೆ. ಮೊದಲು 1870 ಮತ್ತು 1880ರ ಜನಗಣತಿ ನೋಡಿ. ಉದ್ಯೋಗದ ಅಂಕಣದಲ್ಲಿ ಒಂದರಲ್ಲಿ ‘ಶಾಲಾ ಶಿಕ್ಷಕ’ ಅಥವಾ ‘ಲಾ ಸ್ಟೂಡೆಂಟ್’, ಇನ್ನೊಂದರಲ್ಲಿ ‘ಲಾಯರ್’ ಎಂದಿದ್ದರೆ ನಡುವಿನ ಹತ್ತು ವರ್ಷಕ್ಕೆ ಹುಡುಕಾಟ ಕುಗ್ಗಿತು. ಆ ವರ್ಷಗಳ ಸ್ಥಳೀಯ ಪತ್ರಿಕೆಗಳಲ್ಲಿ ವಕೀಲರು ಹೆಸರು ಹಾಕಿಸುತ್ತಿದ್ದ ಚಿಕ್ಕ ‘ಕಾರ್ಡ್’ ಜಾಹೀರಾತು ಎಂದಿನಿಂದ ಶುರುವಾಯಿತು ಎಂದು ನೋಡಿ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹ ಉಚಿತ. ಜಾಹೀರಾತು ಶುರುವಾದ ತಿಂಗಳಿಗೆ ಹಿಂದಿನ ಎರಡು ಮೂರು ಅಧಿವೇಶನಗಳ ಮಿನಿಟ್ ಬುಕ್ಕನ್ನಷ್ಟೇ ಪುಟಪುಟವಾಗಿ ಓದಿದರೆ ಸಾಕು. ಅಲ್ಲಿಲ್ಲದಿದ್ದರೆ ಅವನು ಓದಿದ ಕೌಂಟಿಗೆ (ನಮ್ಮ ಜಿಲ್ಲೆಯಂಥದು) ಹೋಗಿ. ಆಮೇಲೆ ರಾಜ್ಯದ ಸುಪ್ರೀಂ ಕೋರ್ಟಿನ ವಕೀಲರ ಪಟ್ಟಿ (ಅಲ್ಲಿ ರಾಜ್ಯಗಳಿಗೂ ತಮ್ಮದೇ ಸುಪ್ರೀಂ ಕೋರ್ಟು ಉಂಟು).

ರಾಜ್ಯಕ್ಕೊಂದು ನೀತಿ ಎಂಬುದೂ ನೆನಪಿರಲಿ. ವಿಸ್ಕಾನ್ಸಿನ್‌ನಲ್ಲಿ 1870ರಿಂದ ರಾಜ್ಯ ವಿಶ್ವವಿದ್ಯಾಲಯದ ಕಾನೂನು ಪದವೀಧರರಿಗೆ ಪರೀಕ್ಷೆಯೇ ಇಲ್ಲ. ಇಂಡಿಯಾನಾದಲ್ಲಂತೂ 1851ರ ಸಂವಿಧಾನದ ಪ್ರಕಾರ ಸನ್ನಡತೆಯ ಯಾವ ಮತದಾರನಾದರೂ ವಕೀಲನಾಗಬಹುದಿತ್ತು. ಆ ಮಾತನ್ನು ತೆಗೆದದ್ದು 1932ರಲ್ಲಿ. ಅಲ್ಲಿ ಪರೀಕ್ಷೆಯ ಕಾಗದ ಹುಡುಕಿ ಕಣ್ಣು ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ನನ್ನ ಗಂಡನ ಪೂರ್ವಿಕರು ಜರ್ಮನಿಯಲ್ಲಿ ಕಾನೂನು ಪದವಿ ಪಡೆದೇ ಬಂದವರು. ಆ ಪದವಿ ಅಮೆರಿಕದಲ್ಲಿ ನಡೆಯುತ್ತಿತ್ತೇ?

ಉತ್ತರ: ಗೌರವಕ್ಕೆ ನಡೆಯುತ್ತಿತ್ತು, ಕೋರ್ಟಿನಲ್ಲಿ ಅಲ್ಲ. ಜರ್ಮನಿಯ ಕಾನೂನಿಗೆ ರೋಮನ್ ಕಾನೂನಿನ ತಳಹದಿ. ಅಮೆರಿಕದ್ದು ಇಂಗ್ಲೆಂಡಿನಿಂದ ಬಂದ, ಹಿಂದಿನ ತೀರ್ಪುಗಳ ಮೇಲೆ ನಿಂತ ಕಾನೂನು. ಗುಸ್ತಾವ್ ಕೋರ್ನರ್ ಹೈಡೆಲ್‌ಬರ್ಗ್‌ನ ಡಾಕ್ಟರೇಟ್ ಕೈಯಲ್ಲಿಟ್ಟುಕೊಂಡು 1833ರಲ್ಲಿ ಇಲಿನಾಯ್‌ಗೆ ಬಂದವರು. ಆದರೂ ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಹೋಗಿ ಟ್ರಾನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಕಾನೂನು ಓದಿಯೇ 1835ರಲ್ಲಿ ಸನ್ನದು ಪಡೆದು ಬೆಲ್‌ವಿಲ್‌ನಲ್ಲಿ ಕೂತರು. ಹತ್ತು ವರ್ಷದಲ್ಲಿ ಇಲಿನಾಯ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ನಿಮ್ಮವರ ವಿಷಯದಲ್ಲೂ ಹಡಗಿಳಿದ ದಿನಕ್ಕೂ ಮೊದಲ ವಕಾಲತ್ತಿಗೂ ನಡುವೆ ಒಂದೆರಡು ವರ್ಷದ ಖಾಲಿ ಜಾಗ ಇದ್ದೀತು. ಅದನ್ನು ಸೋಮಾರಿತನವೆಂದೋ ಬಡತನವೆಂದೋ ಓದಬೇಡಿ. ಲೂಸಿಯಾನಾ ಮಾತ್ರ ಇದಕ್ಕೆ ಹೊರತು, ಅಲ್ಲಿನ ಸಿವಿಲ್ ಕಾನೂನಿಗೆ ರೋಮನ್ ಮೂಲವೇ.

ಪ್ರಶ್ನೆ: ವಕೀಲನಾಗಲು ಪೌರತ್ವ ಬೇಕಿತ್ತಲ್ಲವೇ? ನಾವು ಹುಡುಕುತ್ತಿರುವವರ ಪೌರತ್ವ ಪತ್ರ ಅವರ ಕೌಂಟಿಯಲ್ಲಿ ಇಲ್ಲ ಎಂದು ಉತ್ತರ ಬಂದಿದೆ. ಪತ್ರವಿಲ್ಲದೆ ಸನ್ನದು ಹೇಗೆ ಸಿಕ್ಕಿತು?

ಉತ್ತರ: ಹೆಚ್ಚಿನ ರಾಜ್ಯಗಳಲ್ಲಿ ಪೌರತ್ವ ಬೇಕಿತ್ತು. ಆದರೆ ‘ಇಲ್ಲ’ ಎಂಬ ಉತ್ತರಕ್ಕೆ ಐದಾರು ಅರ್ಥಗಳಿವೆ.

ಪೌರತ್ವ ಎರಡು ಹಂತದ ಕೆಲಸ. ಮೊದಲು ‘ಡಿಕ್ಲರೇಷನ್ ಆಫ್ ಇಂಟೆನ್ಷನ್’, ಅಂದರೆ ಪೌರನಾಗುವ ಇರಾದೆ ಇದೆ ಎಂಬ ಹೇಳಿಕೆ; ಜನರ ಬಾಯಲ್ಲಿ ಇದು ‘ಫಸ್ಟ್ ಪೇಪರ್ಸ್’. ದೇಶದಲ್ಲಿ ಒಟ್ಟು ಐದು ವರ್ಷ ಕಳೆದ ಮೇಲೆ ಅಂತಿಮ ಅರ್ಜಿ. 1906ರ ಸೆಪ್ಟೆಂಬರ್ 27ಕ್ಕೆ ಮೊದಲು ಈ ಎರಡನ್ನೂ ದಾಖಲೆ ಇಡುವ ಯಾವ ಕೋರ್ಟಿನಲ್ಲಾದರೂ ಸಲ್ಲಿಸಬಹುದಿತ್ತು. ಕೌಂಟಿ ಕೋರ್ಟು, ಉಯಿಲು ನೋಡುವ ಪ್ರೊಬೇಟ್ ಕೋರ್ಟು, ಕೇಂದ್ರ ಸರ್ಕಾರದ ಫೆಡರಲ್ ಕೋರ್ಟು, ಎಲ್ಲಿ ಹತ್ತಿರವೋ ಅಲ್ಲಿ. ಮೊದಲನೆಯದು ನ್ಯೂಯಾರ್ಕಿನಲ್ಲಿ, ಎರಡನೆಯದು ಅಯೋವಾದಲ್ಲಿ ಎಂಬುದು ಸರ್ವೇಸಾಮಾನ್ಯ. ಒಂದೇ ಕೌಂಟಿಯಲ್ಲಿ ಕೇಳಿ ಸುಮ್ಮನಾದರೆ ಅರ್ಧ ಮಾತ್ರ ಕೇಳಿದ ಹಾಗೆ.

ಮಗುವಾಗಿದ್ದಾಗಲೇ ಬಂದವರಾದರೆ ಅವರ ಹೆಸರಲ್ಲಿ ಪತ್ರವೇ ಇರಲಾರದು. ಮಗ ಅಪ್ರಾಪ್ತನಾಗಿರುವಾಗ ತಂದೆ ಪೌರನಾದರೆ ಮಗನೂ ಪೌರನೇ. ತಂದೆಯ ಹೆಸರಲ್ಲಿ ಹುಡುಕಿ. ಹದಿನೆಂಟು ತುಂಬುವ ಮೊದಲು ಬಂದವರಿಗೆ 1824ರ ಕಾಯ್ದೆ ಇನ್ನೊಂದು ಸವಲತ್ತು ಕೊಟ್ಟಿತ್ತು: ಇಪ್ಪತ್ತೊಂದಾದ ಮೇಲೆ ಎರಡು ಹಂತವನ್ನೂ ಒಂದೇ ದಿನ ಮುಗಿಸಬಹುದಿತ್ತು, ಹೀಗಾಗಿ ಬೇರೆ ಮೊದಲ ಪತ್ರ ಇರುವುದಿಲ್ಲ. ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದು ಒಳ್ಳೆಯ ರೀತಿಯಲ್ಲಿ ಬಿಡುಗಡೆಯಾದವರಿಗೂ 1862ರ ಕಾಯ್ದೆಯಡಿ ಮೊದಲ ಪತ್ರ ಬೇಕಿರಲಿಲ್ಲ, ಒಂದು ವರ್ಷದ ವಾಸ ಸಾಕಿತ್ತು.

ಇನ್ನು ಸ್ವಾರಸ್ಯದ ಸಂಗತಿ. ವಿಸ್ಕಾನ್ಸಿನ್, ಮಿಚಿಗನ್, ಇಂಡಿಯಾನಾ, ಕ್ಯಾನ್ಸಸ್ ಮುಂತಾದ ಹಲವು ರಾಜ್ಯಗಳು ವಲಸಿಗರನ್ನು ಸೆಳೆಯಲು ಮೊದಲ ಪತ್ರ ಸಲ್ಲಿಸಿದವರಿಗೇ ಮತದಾನದ ಹಕ್ಕು ಕೊಟ್ಟಿದ್ದವು. ಇಂಡಿಯಾನಾದ ವಕೀಲಿಗೆ ಮತದಾರನಾಗಿದ್ದರೆ ಸಾಕು ಎಂದು ಮೇಲೆ ಹೇಳಿದ್ದೇವೆ. ಎರಡನ್ನೂ ಜೋಡಿಸಿ ನೋಡಿ: ಪೂರ್ತಿ ಪೌರನಾಗದೆಯೇ ಒಬ್ಬ ವಲಸಿಗ ಅಲ್ಲಿ ಕಪ್ಪು ಕೋಟು ತೊಟ್ಟು ಕೋರ್ಟಿಗೆ ಹೋಗಬಹುದಿತ್ತು. ಇಂಡಿಯಾನಾ ಈ ಮತದಾನದ ಹಕ್ಕನ್ನು 1921ರಲ್ಲಿ ನಿಲ್ಲಿಸಿತು. ಕೊನೆಯದಾಗಿ ಕೈಬಿಟ್ಟದ್ದು ಅರ್ಕನ್ಸಾ, 1926ರಲ್ಲಿ.

ಯಾವ ಕೋರ್ಟು ಎಂದು ಗೊತ್ತಿಲ್ಲದಿದ್ದರೆ ಅಡ್ಡದಾರಿಗಳಿವೆ. 1900, 1910, 1920, 1930ರ ಜನಗಣತಿಗಳಲ್ಲಿ ಪೌರತ್ವದ ಅಂಕಣವಿದೆ: ‘ಎನ್‌ಎ’ ಎಂದರೆ ಪೌರತ್ವ ಸಿಕ್ಕಿದೆ, ‘ಪಿಎ’ ಎಂದರೆ ಮೊದಲ ಪತ್ರ ಮಾತ್ರ, ‘ಎಎಲ್’ ಎಂದರೆ ಇನ್ನೂ ಪರದೇಶಿ. 1920ರದ್ದರಲ್ಲಿ ಪೌರನಾದ ವರ್ಷವೂ ಉಂಟು. (1890ರ ಜನಗಣತಿ ಕೇಳಬೇಡಿ, 1921ರ ಬೆಂಕಿಯ ನಂತರ ಅದರಲ್ಲಿ ಹೆಚ್ಚೇನೂ ಉಳಿದಿಲ್ಲ.) ಅವರು 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಸರ್ಕಾರಿ ಜಮೀನು ಪಡೆದಿದ್ದರೆ ಅದೃಷ್ಟ ಖುಲಾಯಿಸಿತು. ಜಮೀನಿಗೆ ಪೌರತ್ವದ ಪುರಾವೆ ಕಡ್ಡಾಯವಾಗಿದ್ದರಿಂದ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಆ ಕಡತದಲ್ಲಿ ಪೌರತ್ವ ಪತ್ರದ ನಕಲು ಇರುವುದುಂಟು. 1925ರ ಮಾರ್ಚ್‌ವರೆಗಿನ ಪಾಸ್‌ಪೋರ್ಟ್ ಅರ್ಜಿಗಳಲ್ಲಿ ಪೌರತ್ವ ಕೊಟ್ಟ ಕೋರ್ಟು, ದಿನಾಂಕ ಬರೆದಿರುತ್ತದೆ. ಕ್ಯಾಲಿಫೋರ್ನಿಯಾದವರಾದರೆ ‘ಗ್ರೇಟ್ ರಿಜಿಸ್ಟರ್’ ಎಂಬ ಮತದಾರರ ಪಟ್ಟಿಯಲ್ಲೂ.

ಪತ್ರ ಸಿಕ್ಕರೂ ಹುಟ್ಟೂರು ಸಿಗುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. 1906ಕ್ಕೆ ಹಿಂದಿನವುಗಳಲ್ಲಿ ಹೆಸರು, ದೇಶ, ಯಾವ ದೊರೆಯ ನಿಷ್ಠೆ ಬಿಟ್ಟರು ಎಂಬುದು, ತಾರೀಕು, ಹೆಚ್ಚಾಗಿ ಅಷ್ಟೇ. ಅದಾದ ಮೇಲಿನ ಏಕರೂಪದ ನಮೂನೆಗಳಲ್ಲಿ ಹುಟ್ಟಿದ ದಿನ, ಊರು, ಹೆಂಡತಿ ಮಕ್ಕಳು ಎಲ್ಲ ಇದ್ದು, ಒಂದು ಪ್ರತಿ ವಾಷಿಂಗ್ಟನ್‌ಗೆ ಹೋಗುತ್ತಿತ್ತು. ಇದೇ ‘ಸಿ-ಫೈಲ್’. ಇದನ್ನು ವಲಸೆ ಇಲಾಖೆಯ ವಂಶಾವಳಿ ವಿಭಾಗದಿಂದ ತರಿಸಬೇಕು: ಮೊದಲು ಸೂಚಿ ಹುಡುಕಾಟದ ಅರ್ಜಿ, ಸಂಖ್ಯೆ ತಿಳಿದ ಮೇಲೆ ನಕಲಿನ ಅರ್ಜಿ.

ಪ್ರಶ್ನೆ: ಆ ಕಾಲದಲ್ಲಿ ಏಷ್ಯಾದಿಂದ ಹೋದವರು ಯಾರಾದರೂ ವಕೀಲರಾಗಿದ್ದರೇ? ಭಾರತೀಯರು?

ಉತ್ತರ: ದಾರಿಯಲ್ಲಿ ಕಲ್ಲು ಇಟ್ಟದ್ದು ಪೌರತ್ವದ ಕಾಯ್ದೆಯೇ. 1790ರ ಕಾಯ್ದೆ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗಳಿಗೆ ಮಾತ್ರ ಪೌರತ್ವ ಎಂದಿತು, 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ಏಷ್ಯಾದವರು ಹೊರಗೇ ಉಳಿದರು. ಪೌರತ್ವವಿಲ್ಲ, ಆದ್ದರಿಂದ ಸನ್ನದಿಲ್ಲ.

ಚೀನಾದಲ್ಲಿ ಹುಟ್ಟಿದ ಹಾಂಗ್ ಯೆನ್ ಚಾಂಗ್ ಕೊಲಂಬಿಯಾ ಲಾ ಸ್ಕೂಲಿನ ಪದವೀಧರ, 1888ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲ. 1890ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅವರನ್ನು ಬಾಗಿಲಲ್ಲೇ ತಡೆಯಿತು. ಅದೇ ಕೋರ್ಟು 2015ರಲ್ಲಿ, ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಸನ್ನದು ಕೊಟ್ಟಿತು. ಜಪಾನಿನ ತಾಕುಜಿ ಯಮಾಶಿತಾ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1902ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನೆದುರು ತಮ್ಮ ಅರ್ಜಿಯನ್ನು ತಾವೇ ಸಮರ್ಥಿಸಿಕೊಂಡು ಸೋತರು. ಆಮೇಲೆ ಸಣ್ಣ ಊರುಗಳಲ್ಲಿ ಹೋಟೆಲು, ಉಪಾಹಾರ ಗೃಹ ನಡೆಸಿದರು. 2001ರಲ್ಲಿ ಅವರಿಗೂ ಮರಣೋತ್ತರ ಸನ್ನದು ಸಿಕ್ಕಿತು. ಇಂಥವರ ವಂಶದವರು ‘ವಕೀಲ’ ಎಂದು ಹುಡುಕಿದರೆ ಏನೂ ಸಿಗದು. ತಿರಸ್ಕಾರದ ತೀರ್ಪನ್ನೇ ಹುಡುಕಬೇಕು. ಓದು, ಅರ್ಹತೆ, ವಾದ ಎಲ್ಲ ಅದರಲ್ಲೇ ಇರುತ್ತದೆ.

ಭಾರತೀಯರಲ್ಲಿ ಎದ್ದು ಕಾಣುವವರು ಸಖಾರಾಮ್ ಗಣೇಶ ಪಂಡಿತ್. ಊರು ಮಾತ್ರ ಸಣ್ಣದಲ್ಲ, ಲಾಸ್ ಏಂಜಲಿಸ್. 1914ರಲ್ಲಿ ಪೌರತ್ವ ಪಡೆದು, ಆಮೇಲೆ ಕ್ಯಾಲಿಫೋರ್ನಿಯಾದ ವಕೀಲರಾದರು. ಅಮೆರಿಕದ ಪೌರತ್ವಕ್ಕಾಗಿ ಹೋರಾಡಿದ ಪಂಜಾಬ್ ಮೂಲದ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಥಿಂಡ್ ಪರ ವಾದಿಸಿದವರೂ ಅವರೇ. 1923ರಲ್ಲಿ ದೇಶದ ಸುಪ್ರೀಂ ಕೋರ್ಟು ಭಾರತೀಯರು ಕಾಯ್ದೆಯ ಅರ್ಥದಲ್ಲಿ ಬಿಳಿಯರಲ್ಲ ಎಂದಿತು. ಸರ್ಕಾರ ಹಿಂದೆ ಕೊಟ್ಟ ಪೌರತ್ವಗಳನ್ನೂ ಕಿತ್ತುಕೊಳ್ಳಲು ಹೊರಟಿತು, ಪಂಡಿತರದ್ದನ್ನೂ ಸೇರಿಸಿ. ಅವರು ಜನಾಂಗದ ವಾದವನ್ನು ಬಿಟ್ಟು ಶುದ್ಧ ವಕೀಲಿ ಪಟ್ಟು ಹಾಕಿದರು: 1914ರ ಪೌರತ್ವದ ಆದೇಶ ಒಂದು ತೀರ್ಪು, ಸರ್ಕಾರ ಆಗ ಮೇಲ್ಮನವಿ ಹೋಗಲಿಲ್ಲ, ಇತ್ಯರ್ಥವಾದದ್ದನ್ನು ಮತ್ತೆ ಕೆದಕುವಂತಿಲ್ಲ. 1926ರಲ್ಲಿ ಒಂಬತ್ತನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟು ಒಪ್ಪಿತು, ಮುಂದಿನ ವರ್ಷ ಸುಪ್ರೀಂ ಕೋರ್ಟು ಸರ್ಕಾರದ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಪೌರತ್ವ ಉಳಿಯಿತು, ಸನ್ನದೂ ಉಳಿಯಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ವಕೀಲಿಗೆ ಪೌರತ್ವವೇ ಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1973ರಲ್ಲಿ, ಕನೆಕ್ಟಿಕಟ್‌ನ ಗ್ರಿಫಿತ್ಸ್ ಎಂಬ ಡಚ್ ಮಹಿಳೆಯ ಮೊಕದ್ದಮೆಯಲ್ಲಿ.

ಪ್ರಶ್ನೆ: ಕೌಂಟಿ ಕೋರ್ಟಿನ ಡಾಕೆಟ್ (ಕೇಸುಗಳ ಪಟ್ಟಿ) ಪುಸ್ತಕದ ಚಿತ್ರಗಳು ಸಿಕ್ಕಿವೆ. ನಮ್ಮ ಅಳಿಯನ ಮುತ್ತಾತ ಬರೀ ಸಾಲ ವಸೂಲಿಯ ಕೇಸುಗಳಲ್ಲೇ ಕಾಣುತ್ತಾರೆ, ಅದರಲ್ಲೂ ಎಷ್ಟೋ ಕಡೆ ಸೋತ ಪ್ರತಿವಾದಿಯ ವಕೀಲ. ಅಷ್ಟೇನೂ ಸಮರ್ಥರಾಗಿರಲಿಲ್ಲವೇ?

ಉತ್ತರ: ಸಿನಿಮಾದ ವಕೀಲನನ್ನು ಮನಸ್ಸಿನಿಂದ ತೆಗೆದುಬಿಡಿ. ಸಣ್ಣ ಊರಿನಲ್ಲಿ ಕೊಲೆ ಮೊಕದ್ದಮೆ ಅಪರೂಪ; ಒಲೆ ಉರಿಯುತ್ತಿದ್ದದ್ದು ಪ್ರಾಮಿಸರಿ ನೋಟು, ಅಡಮಾನ, ಉಯಿಲು, ಜಮೀನಿನ ಹಕ್ಕುಪತ್ರ ಪರಿಶೀಲನೆಯಿಂದ. ಅದೇ ಬಾಗಿಲಿನ ಬೋರ್ಡಿನಲ್ಲಿ ‘ವಕೀಲ, ಜಮೀನು, ಸಾಲ, ವಿಮೆ’ ಎಂದು ಒಟ್ಟಿಗೇ ಬರೆದಿರುತ್ತಿತ್ತು. ವಲಸಿಗ ವಕೀಲನಿಗೆ ಇನ್ನೊಂದು ಆದಾಯ ತನ್ನ ಭಾಷೆಯ ರೈತರು: ಅವರ ಪತ್ರ ಓದಿಹೇಳುವುದು, ಪೌರತ್ವದ ಅರ್ಜಿ ತುಂಬುವುದು, ಹುಟ್ಟೂರಿನ ಆಸ್ತಿಪಾಲಿಗೆ ಅಧಿಕಾರಪತ್ರ ಬರೆಯುವುದು. ಇದರಲ್ಲಿ ಬಹಳಷ್ಟು ಕೋರ್ಟಿನ ಮೆಟ್ಟಿಲೇ ಹತ್ತಲಿಲ್ಲ, ಹಾಗಾಗಿ ಡಾಕೆಟ್‌ನಲ್ಲಿ ಕಾಣುವುದಿಲ್ಲ.

ಈಗ ಡಾಕೆಟ್ ಪುಟವನ್ನೇ ಹತ್ತಿರದಿಂದ ನೋಡೋಣ. ಎಡದಲ್ಲಿ ಸಂಖ್ಯೆ, ಪಕ್ಕದಲ್ಲಿ ವಾದಿ ಪ್ರತಿವಾದಿ, ಅವರ ವಕೀಲರ ಹೆಸರು, ದಾವೆಯ ಬಗೆ, ಬಲಕ್ಕೆ ಪ್ರತಿ ಅಧಿವೇಶನದಲ್ಲಿ ನಡೆದದ್ದು. ‘ಅಸಂಪ್ಸಿಟ್’ ಎಂದರೆ ಒಪ್ಪಂದದ ಹಣ ಬರಬೇಕಾದ ದಾವೆ. ‘ರೆಪ್ಲೆವಿನ್’ ಎಂದರೆ ಹಿಡಿದಿಟ್ಟುಕೊಂಡ ಸಾಮಾನನ್ನೇ ವಾಪಸು ಕೇಳುವುದು. ‘ಟ್ರೋವರ್’ ಎಂದರೆ ಅದರ ಬೆಲೆ ಕೇಳುವುದು. ‘ಕಂಟಿನ್ಯೂಡ್’ ಅಂದರೆ ನಮ್ಮ ಕೋರ್ಟುಗಳ ಭಾಷೆಯ ವಾಯಿದೆ. ‘ನಾಲ್ ಪ್ರಾಸ್’ ಎಂದಿದ್ದರೆ ಸರ್ಕಾರಿ ವಕೀಲ ಕ್ರಿಮಿನಲ್ ಕೇಸು ಕೈಬಿಟ್ಟಿದ್ದಾನೆ. ‘ಚಾನ್ಸರಿ’ಗೆ ಬೇರೆಯೇ ಪುಸ್ತಕ ಇದ್ದೀತು: ಅಡಮಾನ ಮುಟ್ಟುಗೋಲು, ವಿಚ್ಛೇದನ, ಆಸ್ತಿ ವಿಭಾಗ ಅದರಲ್ಲಿ. ಆ ಪುಸ್ತಕವನ್ನು ನೀವು ತೆರೆದಿಲ್ಲವಾದರೆ ಅರ್ಧ ವೃತ್ತಿಜೀವನವೇ ಕಾಣೆ. 1848ರಲ್ಲಿ ನ್ಯೂಯಾರ್ಕ್ ತಂದ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಅನುಸರಿಸಿದ ರಾಜ್ಯಗಳಲ್ಲಿ ಈ ಹಳೇ ಹೆಸರುಗಳೆಲ್ಲ ಹೋಗಿ ಎಲ್ಲವೂ ‘ಸಿವಿಲ್ ಆಕ್ಷನ್’ ಆದವು. ಅಲ್ಲಿ ದಾವೆ ಏನೆಂದು ತಿಳಿಯಲು ಒಳಗಿನ ಅರ್ಜಿಯನ್ನೇ ಓದಬೇಕು.

ಸೋಲಿನ ಲೆಕ್ಕಕ್ಕೆ ಬರೋಣ. ಆ ಸೋಲುಗಳ ಪಕ್ಕದಲ್ಲಿ ‘ಜಡ್ಜ್‌ಮೆಂಟ್ ಬೈ ಕನ್ಫೆಷನ್’ ಅಥವಾ ‘ಕಾಗ್ನೋವಿಟ್’ ಎಂದಿದೆಯೇ ನೋಡಿ. ಇಲಿನಾಯ್, ಒಹಾಯೊ, ಪೆನ್ಸಿಲ್ವೇನಿಯಾಗಳ ಸಾಲಪತ್ರಗಳಲ್ಲಿ ಒಂದು ಷರತ್ತು ಇರುತ್ತಿತ್ತು: ಸಾಲ ತೀರಿಸದಿದ್ದರೆ ಯಾವ ವಕೀಲನಾದರೂ ಸಾಲಗಾರನ ಪರವಾಗಿ ಕೋರ್ಟಿಗೆ ಬಂದು ಬಾಕಿ ಒಪ್ಪಿಕೊಳ್ಳಬಹುದು ಎಂದು. ಸಾಲಗಾರನಿಗೆ ಸುದ್ದಿಯೂ ಇರುತ್ತಿರಲಿಲ್ಲ. ಸಾಲ ಕೊಟ್ಟವನ ವಕೀಲ ಪಕ್ಕದ ಕಚೇರಿಯ ಮಿತ್ರನಿಂದ ಒಂದು ರುಜು ಹಾಕಿಸಿಕೊಳ್ಳುತ್ತಿದ್ದ. ಅಂಥ ಕಡೆ ‘ಪ್ರತಿವಾದಿಯ ವಕೀಲ’ ಎಂದರೆ ಸೋತವನಲ್ಲ, ರುಜು ಹಾಕಿದವನು. ನಿಮ್ಮವರು ಎಷ್ಟೋ ಕಡೆ ಹೀಗೆ ಕಾಣುತ್ತಾರೆಂದರೆ ಊರಿನ ವ್ಯಾಪಾರಿಗಳ ವಕೀಲರೊಡನೆ ಚೆನ್ನಾಗಿದ್ದರು ಎಂದು ಓದುವುದೇ ಸರಿ. ಈ ಪದ್ಧತಿ ಒಳ್ಳೆಯದಿತ್ತೇ ಎಂದರೆ ಅದಕ್ಕೆ ಬೇರೆ ಉತ್ತರವಿದೆ.

ಮುಂದಿನ ಹೆಜ್ಜೆ, ಡಾಕೆಟ್ ಸಂಖ್ಯೆ ಹಿಡಿದು ಕೇಸಿನ ಕಟ್ಟು ಕೇಳುವುದು. ಹಳೇ ಕಾಗದಗಳನ್ನು ಮೂರು ಮಡಿಕೆ ಮಾಡಿ, ಹೊರಮೈಯಲ್ಲಿ ಸಂಖ್ಯೆ ಬರೆದು, ದಾರ ಕಟ್ಟಿ ಇಡುತ್ತಿದ್ದರು. ಅವನ್ನು ನೀವೇ ಬಿಡಿಸಲು ಹೋಗಬೇಡಿ, ಮಡಿಕೆಯ ಗೆರೆಯಲ್ಲೇ ಮುರಿಯುತ್ತವೆ. ಅಲ್ಲಿನ ಸಿಬ್ಬಂದಿಗೆ ಬಿಡಿ. ನಿಮ್ಮವರ ಕೈಬರಹದ ವಾದಪತ್ರ, ರುಜು ಇರುವುದು ಆ ಕಟ್ಟಿನೊಳಗೆ. ಅವರು ಕೌಂಟಿಯ ಸರ್ಕಾರಿ ವಕೀಲರೂ ಆಗಿದ್ದರೆ ಸಂಬಳದ ಲೆಕ್ಕ ಕೌಂಟಿ ಕಮಿಷನರ್‌ಗಳ ಸಭಾ ನಡಾವಳಿಯಲ್ಲಿದೆ. ಮುಂದೆ ಇಲಿನಾಯ್‌ನ ಗವರ್ನರ್ ಆದ ಜರ್ಮನ್ ಸಂಜಾತ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಕೂಡ ಮಿಸೌರಿಯ ಸವಾನ್ನಾ ಎಂಬ ಸಣ್ಣ ಊರಿನಲ್ಲಿ, 1874ರಲ್ಲಿ, ಇಂಥ ಹುದ್ದೆಯಿಂದಲೇ ಮೇಲೆ ಬಂದವರು.

ಪ್ರಶ್ನೆ: 1890ರ ದಶಕದ ಕೌಂಟಿ ಚರಿತ್ರೆಯೊಂದು ನಾವು ಹುಡುಕುತ್ತಿರುವ ಪೂರ್ವಿಕರನ್ನು ‘ರಾಜ್ಯದ ಅಗ್ರಗಣ್ಯ ವಕೀಲ’ ಎನ್ನುತ್ತದೆ. ನಂಬಬಹುದೇ?

ಉತ್ತರ: ಆ ಪುಸ್ತಕಗಳು ಚಂದಾ ಹಣದಿಂದ ಅಚ್ಚಾದವು, ಪರಿಚಯದ ಸಾಮಗ್ರಿಯನ್ನು ಹೆಚ್ಚಾಗಿ ಅವರವರೇ ಕೊಟ್ಟದ್ದು. ಹುಟ್ಟೂರು, ಬಂದ ವರ್ಷ, ಯಾರ ಬಳಿ ಓದಿದರು ಎಂಬುದನ್ನು ಸುಳಿವಾಗಿ ಇಟ್ಟುಕೊಳ್ಳಿ, ವಿಶೇಷಣಗಳನ್ನು ಬಿಟ್ಟುಬಿಡಿ. ‘ಅಗ್ರಗಣ್ಯ’ ಹೌದೋ ಅಲ್ಲವೋ ಎಂಬುದಕ್ಕೆ ಅಳತೆಗೋಲು ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪುಗಳು. ಪ್ರತಿ ತೀರ್ಪಿನ ತಲೆಯಲ್ಲಿ ಎರಡೂ ಕಡೆಯ ವಕೀಲರ ಹೆಸರಿರುತ್ತದೆ. ಹಾರ್ವರ್ಡ್ ಸ್ಕ್ಯಾನ್ ಮಾಡಿದ ಅಮೆರಿಕದ ತೀರ್ಪುಗಳ ಭಂಡಾರ 2024ರಿಂದ ಎಲ್ಲರಿಗೂ ಉಚಿತ. ಪೂರ್ತಿ ಹೆಸರು ಹಾಕಿ ಹುಡುಕಿದರೆ ಸಿಗುವುದು ಕಷ್ಟ, ತೀರ್ಪುಗಳಲ್ಲಿ ಅಚ್ಚಾಗಿರುವುದು ಹೆಚ್ಚಾಗಿ ಇನಿಷಿಯಲ್ ಮತ್ತು ಕುಲನಾಮ. ಕುಲನಾಮದ ಜೊತೆ ಕೌಂಟಿಯ ಹೆಸರು ಹಾಕಿ, ವರ್ಷದ ಮಿತಿ ಕೊಡಿ. ಎರಡನೆಯ ಅಳತೆ 1868ರಲ್ಲಿ ಶುರುವಾದ ಮಾರ್ಟಿಂಡೇಲ್ ವಕೀಲರ ಡೈರೆಕ್ಟರಿ. 20ನೇ ಶತಮಾನದ ಸಂಪುಟಗಳಲ್ಲಿ ಹುಟ್ಟಿದ ವರ್ಷ, ಸನ್ನದಿನ ವರ್ಷ, ಸಾಮರ್ಥ್ಯಕ್ಕೆ ಸಂಕೇತಾಕ್ಷರ ಎಲ್ಲ ಉಂಟು. ಅಕ್ಷರಗಳ ಅರ್ಥ ಅದೇ ಸಂಪುಟದ ಆರಂಭದ ಪುಟದಲ್ಲಿ ನೋಡಿಕೊಳ್ಳಿ.

ಅವರು ತೀರಿಕೊಂಡ ನಂತರದ ಅಧಿವೇಶನದ ಮಿನಿಟ್ ಬುಕ್ಕನ್ನು ಮಾತ್ರ ಬಿಡಬೇಡಿ. ಊರಿನ ವಕೀಲರು ಸೇರಿ ಸಂತಾಪ ನಿರ್ಣಯ ಮಾಡಿ, ಅದನ್ನು ಕೋರ್ಟಿನ ದಾಖಲೆಗೆ ಸೇರಿಸುವ ಪದ್ಧತಿ ಇತ್ತು. ಎದುರಾಳಿಗಳು ಬರೆದದ್ದಾದ್ದರಿಂದ ಚಂದಾ ಪುಸ್ತಕಕ್ಕಿಂತ ತೂಕದ ಮಾತು ಅಲ್ಲಿ ಸಿಗುತ್ತದೆ.

ಪ್ರಶ್ನೆ: ನಾವು ಹುಡುಕುತ್ತಿರುವವರು ಅಯೋವಾದ ಸಣ್ಣ ಊರಿನ ಜರ್ಮನ್ ವಕೀಲರು. 1917ರ ನಂತರ ಪತ್ರಿಕೆಯಲ್ಲಿ ಅವರ ಸುದ್ದಿಯೇ ಇಲ್ಲ. ವೃತ್ತಿ ಬಿಟ್ಟರೇ?

ಉತ್ತರ: ಮೊದಲು ಯಾವ ಪತ್ರಿಕೆ ಎಂದು ನೋಡಿ. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದಿತ್ತು, ಅವರ ಜಾಹೀರಾತು ಜರ್ಮನ್ ಪತ್ರಿಕೆಯಲ್ಲಿದ್ದರೆ ನಿಂತದ್ದು ಪತ್ರಿಕೆಯಿರಬಹುದು. 1918ರ ಮೇ 23ರಂದು ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಸಾರ್ವಜನಿಕ ಸ್ಥಳದಲ್ಲಿ, ಟೆಲಿಫೋನಿನಲ್ಲಿ, ಶಾಲೆಯಲ್ಲಿ ಇಂಗ್ಲಿಷಲ್ಲದೆ ಬೇರೆ ಮಾತಾಡಕೂಡದು ಎಂದು ಘೋಷಣೆ ಹೊರಡಿಸಿದರು. ಜರ್ಮನ್ ಮಾತಾಡುವ ರೈತರೇ ಕಕ್ಷಿದಾರರಾಗಿದ್ದ ವಕೀಲನಿಗೆ ಇದು ಏನಾಗಿರಬೇಕು, ಊಹಿಸಿ.

ಪೌರತ್ವದ ಹಳೇ ಸಡಿಲತೆ ಕಚ್ಚಿದ್ದೂ ಆಗಲೇ. ಮೊದಲ ಪತ್ರದಲ್ಲೇ ನಿಂತುಬಿಟ್ಟಿದ್ದವರು, ಅಪ್ಪ ಪೌರನಾಗಿದ್ದನೆಂದು ನಂಬಿಕೊಂಡಿದ್ದವರು ಕಾಗದ ತೋರಿಸಲಾಗದೆ ಸಿಕ್ಕಿಬಿದ್ದರು. ಪೌರತ್ವ ಪಡೆಯದ ಜರ್ಮನ್ ಗಂಡಸರೆಲ್ಲ 1918ರ ಫೆಬ್ರವರಿಯಲ್ಲಿ ‘ಶತ್ರು ಪರದೇಶಿ’ಗಳೆಂದು ನೋಂದಾಯಿಸಿಕೊಳ್ಳಬೇಕಾಯಿತು. ಸಣ್ಣ ಊರುಗಳಲ್ಲಿ ಈ ಕೆಲಸ ಪೋಸ್ಟ್‌ಮಾಸ್ಟರನದು. ಜೂನ್‌ನಲ್ಲಿ ಹೆಂಗಸರ ಸರದಿ. 1907ರ ಕಾಯ್ದೆಯಿಂದಾಗಿ, ಅಮೆರಿಕದಲ್ಲೇ ಹುಟ್ಟಿದ ಹೆಂಡತಿಯೂ ಗಂಡನ ಜೊತೆ ಪರದೇಶಿ. ಈ ನೋಂದಣಿ ಪತ್ರಗಳು ಹೆಚ್ಚು ಕಡೆ ಉಳಿದಿಲ್ಲ, ಕ್ಯಾನ್ಸಸ್‌ನವು ಉಳಿದಿವೆ. ಇದಕ್ಕೆ ತದ್ವಿರುದ್ಧವಾಗಿ ಪೌರರಾಗಿದ್ದ ವಕೀಲರನ್ನು ಕಡ್ಡಾಯ ಸೈನ್ಯಭರ್ತಿಯ ಪ್ರಶ್ನಾವಳಿ ತುಂಬಿಸುವ ‘ಲೀಗಲ್ ಅಡ್ವೈಸರಿ ಬೋರ್ಡ್’ಗಳಿಗೆ ಹಾಕಿಕೊಳ್ಳುತ್ತಿದ್ದರು. ಇಂಗ್ಲಿಷ್ ಪತ್ರಿಕೆಯಲ್ಲಿ ಆ ಬೋರ್ಡಿನ ಪಟ್ಟಿ ಹುಡುಕಿ. ಹೆಸರಿದ್ದರೆ ಅವರು ವೃತ್ತಿಯಲ್ಲೇ ಇದ್ದರು.

ಪ್ರಶ್ನೆ: ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲಿಸ್ ಐಲ್ಯಾಂಡ್‌ನ ಅಧಿಕಾರಿ ನಮ್ಮ ಬೀಗರ ಪೂರ್ವಿಕರ ಹೆಸರು ಬದಲಿಸಿಬಿಟ್ಟನಂತೆ. ಮೂಲ ಹೆಸರು ಎಲ್ಲಿ ಸಿಗುತ್ತದೆ?

ಉತ್ತರ: ಹಾಗೆ ಬದಲಿಸುತ್ತಿರಲಿಲ್ಲ. ಪಟ್ಟಿ ಬರೆಯುತ್ತಿದ್ದದ್ದು ಹಡಗು ಹೊರಟ ಬಂದರಿನಲ್ಲಿ. ಇಲ್ಲಿನ ಅಧಿಕಾರಿ ಅದನ್ನು ಹಿಡಿದು ಹಾಜರಿ ಕೂಗುತ್ತಿದ್ದ. ಎಲಿಸ್ ಐಲ್ಯಾಂಡ್ ಶುರುವಾದದ್ದೇ 1892ರ ಜನವರಿ 1ರಂದು, ಅದಕ್ಕೆ ಹಿಂದೆ ಬಂದವರಿಗೆ ಆ ಮಾತೇ ಹೊಂದದು. ಹೆಸರು ಬದಲಾದದ್ದು ಊರಲ್ಲಿ, ಬಳಕೆಯಿಂದ. ವಕೀಲರಾಗಿದ್ದವರು ಕೌಂಟಿ ಕೋರ್ಟಿನಲ್ಲಿ ಕ್ರಮಬದ್ಧವಾಗಿ ಅರ್ಜಿ ಹಾಕಿರುವ ಸಂಭವ ಹೆಚ್ಚು. 1906ರ ನಂತರವಾದರೆ ಪೌರತ್ವದ ಕಡತದಲ್ಲೇ ಹೆಸರು ಬದಲಾವಣೆಯ ಆದೇಶ ಇರಬಹುದು. ನಾರ್ವೆಯವರಾದರೆ ತಂದೆಯ ಹೆಸರಿನಿಂದ ಬಂದದ್ದು, ಜಮೀನಿನ ಹೆಸರಿನಿಂದ ಬಂದದ್ದು, ಎರಡನ್ನೂ ಹುಡುಕಿ.

ಪ್ರಶ್ನೆ: ಕೌಂಟಿಗೆ ಎರಡು ಸಲ ಬರೆದೆವು, ‘ದಾಖಲೆ ಇಲ್ಲ’ ಎಂದೇ ಉತ್ತರ. ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ‘ನಮ್ಮ ಪೂರ್ವಿಕರ ಬಗ್ಗೆ ಇರುವುದನ್ನೆಲ್ಲ ಕಳಿಸಿ’ ಎಂದಿತ್ತು. ಅಂಥ ಪತ್ರಕ್ಕೆ ‘ಇಲ್ಲ’ ಎಂಬುದೇ ಸುಲಭದ ಉತ್ತರ. ಒಂದು ಪತ್ರಕ್ಕೆ ಒಂದೇ ದಾಖಲೆ ಕೇಳಿ: ಪುಸ್ತಕದ ಹೆಸರು, ವರ್ಷದ ಮಿತಿ, ಹೆಸರಿನ ಮೂರು ನಾಲ್ಕು ಕಾಗುಣಿತ. ಉದಾಹರಣೆಗೆ, ‘1874ರಿಂದ 1877ರ ಡಿಸ್ಟ್ರಿಕ್ಟ್ ಕೋರ್ಟ್ ಮಿನಿಟ್ ಬುಕ್ಕಿನ ಸೂಚಿಯಲ್ಲಿ ಈ ಹೆಸರಿನ ಎದುರು ವಕೀಲರಾಗಿ ಪ್ರವೇಶ ಎಂಬ ನಮೂದು ಇದೆಯೇ? ಇದ್ದರೆ ಆ ಪುಟದ ನಕಲು ಬೇಕು. ಆ ವರ್ಷಗಳ ಪುಸ್ತಕ ನಿಮ್ಮಲ್ಲಿಲ್ಲದಿದ್ದರೆ ಯಾವ ಸಂಗ್ರಹಾಲಯಕ್ಕೆ ಹೋಗಿದೆ?’ ಈ ಕೊನೆಯ ಪ್ರಶ್ನೆಯೇ ಮುಖ್ಯ. ಹಳೇ ಪುಸ್ತಕಗಳನ್ನು ರಾಜ್ಯದ ಆರ್ಕೈವ್ಸ್‌ಗೋ ಐತಿಹಾಸಿಕ ಸಂಸ್ಥೆಗೋ ಸಾಗಿಸಿರುತ್ತಾರೆ, ಕೌಂಟರಿನಲ್ಲಿ ಕೂತವರು ತಮ್ಮ ಬೀರುವಿನಲ್ಲಿಲ್ಲ ಎಂಬರ್ಥದಲ್ಲಿ ‘ಇಲ್ಲ’ ಎಂದಿರುತ್ತಾರೆ.

ಸರಿಯಾದ ಬಾಗಿಲು ತಟ್ಟಿದ್ದೀರಾ ಎಂಬುದನ್ನೂ ನೋಡಿ. ಪೆನ್ಸಿಲ್ವೇನಿಯಾದಲ್ಲಿ ಸಿವಿಲ್ ಕಡತ ಇಡುವವನು ‘ಪ್ರೊಥಾನಟರಿ’, ಉಯಿಲಿನ ತಂಟೆ ‘ಆರ್ಫನ್ಸ್ ಕೋರ್ಟ್’ನದು. ನ್ಯೂಯಾರ್ಕಿನಲ್ಲಿ ಅದೇ ಕೆಲಸ ‘ಸರೊಗೇಟ್’ನದು. ಲೂಸಿಯಾನಾದಲ್ಲಿ ಕೌಂಟಿಯೇ ಇಲ್ಲ, ‘ಪ್ಯಾರಿಷ್’. ವರ್ಮಾಂಟ್‌ನಲ್ಲಿ ಕ್ರಯಪತ್ರ ಊರಿನ ಕ್ಲರ್ಕ್ ಬಳಿ. ಕನೆಕ್ಟಿಕಟ್ 1960ರಲ್ಲಿ ಕೌಂಟಿ ಸರ್ಕಾರಗಳನ್ನೇ ರದ್ದು ಮಾಡಿತು. ಬರೆಯುವ ಮೊದಲು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದ ಕ್ಯಾಟಲಾಗಿನಲ್ಲಿ ಆ ಕೌಂಟಿಯ ಹೆಸರು ಹಾಕಿ ನೋಡಿ. ಎಷ್ಟೋ ಮಿನಿಟ್ ಬುಕ್ಕುಗಳು ಅಲ್ಲಿ ಚಿತ್ರರೂಪದಲ್ಲಿ ಉಚಿತವಾಗಿವೆ. ಹೆಸರಿನ ಹುಡುಕಾಟದಲ್ಲಿ ಅವು ಬರದೇ ಇರಬಹುದು. ಪುಸ್ತಕ ತೆರೆದು, ಹಿಂದಿನ ಸೂಚಿ ನೋಡಿ, ಪುಟ ತಿರುಗಿಸಬೇಕು. ನಕಲು ತರಿಸುವಾಗ ಸಾದಾ ನಕಲೇ ಸಾಕು. ಮೊಹರು ಒತ್ತಿದ ಪ್ರಮಾಣಿತ ನಕಲಿಗೆ ಹೆಚ್ಚು ದುಡ್ಡು, ಅದು ಬೇಕಾಗುವುದು ಪೂರ್ವಿಕರ ದೇಶದ ಪೌರತ್ವಕ್ಕೆ ಅರ್ಜಿ ಹಾಕುವವರಿಗೆ ಮಾತ್ರ.